ಅಜ್ಜನ ಕಲ್ಲಿಗೊಂದು ಚೀಟಿ

ಯೋಕೋಹಾಮಾದಿಂದ ತೊಕಾಯ್‌ದೊ ಲೈನಿನ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಒದಾವಾರಾ. ಅಲ್ಲಿಂದ ಹಕೋನೆ ಕಡೆಗೆ ಹೋಗುವ ಪುಟ್ಟ ರೈಲು ಹಿಡಿದು ಇರಿಯುದಾದಲ್ಲಿ ಇಳಿದರೆ, ಮಕ್ಕಳೂ ನಡೆಯುವಷ್ಟು ಹತ್ತಿರದಲ್ಲಿ ಕನಗಾವಾ ಪ್ರಾಂತ್ಯದ ನಿಸರ್ಗ ಇತಿಹಾಸ ಮ್ಯೂಸಿಯಂ ಇದೆ. ಜೂನ್ ತಿಂಗಳ ಮಳೆಯಲ್ಲಿ ಮಕ್ಕಳನ್ನು ಪಾರ್ಕಿಗೆ ಕರೆದೊಯ್ಯಲಾಗದ ಒಂದು ಭಾನುವಾರ ನಾವೂ ಹೋಗಿದ್ದೆವು. ಏಳು ವರ್ಷದ ಮಗಳು ಡೈನೋಸಾರ್ ಹುಡುಕುತ್ತ ಓಡುತ್ತಿದ್ದವಳು, ಪಟ್ಟೆಪಟ್ಟೆಯ ದೊಡ್ಡದೊಂದು ಬಂಡೆಯ ಮುಂದೆ ಗಕ್ಕನೆ ನಿಂತಳು.

"ಅಮ್ಮಾ, ಅಜ್ಜನ ಕಲ್ಲು!"

ಹೌದು, ಅದೇ ಜಾತಿಯ ಕಲ್ಲು. ನನ್ನ ಅಪ್ಪ ಶಿವಮೊಗ್ಗದ ಮನೆಯಲ್ಲಿ ಕಾಗದ ಹಾರದಂತೆ ಮೇಜಿನ ಮೇಲಿಡುತ್ತಿದ್ದ, ಕಪ್ಪು ಕೆಂಪು ಗೆರೆಗಳ ಭಾರದ ಕಲ್ಲು. ಅಪ್ಪ ತೀರಿಕೊಂಡ ಮೇಲೆ ಅದನ್ನು ನಾನು ಇಲ್ಲಿಗೆ ತಂದಿಟ್ಟುಕೊಂಡಿದ್ದೇನೆ. ಮ್ಯೂಸಿಯಂನ ಬಂಡೆಯ ಪಕ್ಕದ ಫಲಕವನ್ನು ಮಗಳೇ ಜಪಾನಿ ಭಾಷೆಯಲ್ಲಿ ಓದಿ ನನಗೆ ಅರ್ಥ ಹೇಳಿದಳು: ಇದು ಏನು, ಎಲ್ಲಿಯದು, ಎಷ್ಟು ಹಳೆಯದು. ಆಮೇಲೆ ಸಹಜವಾಗಿಯೇ ಕೇಳಿದಳು: "ಅಜ್ಜನ ಕಲ್ಲು ಎಲ್ಲಿಯದು?"

ನನಗೆ ಗೊತ್ತಿರಲಿಲ್ಲ.

ಮ್ಯೂಸಿಯಂ ಪ್ರದರ್ಶನವನ್ನು ಹೇಗೆ ಯೋಜಿಸುತ್ತಾರೆ ಎಂದು ಓದಲು ಕುಳಿತದ್ದು ಆ ಪ್ರಶ್ನೆಯಿಂದ. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನಿಮಗೆ ಉಪಯೋಗಕ್ಕೆ ಬಂದೀತು. ಮನೆಯಲ್ಲಿ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲು ವಾಕ್ಯ, ಆಮೇಲೆ ವಸ್ತು

ಕಪಾಟಿನಲ್ಲಿ ಇರುವುದನ್ನೆಲ್ಲ ಹೊರಗಿಟ್ಟರೆ ಪ್ರದರ್ಶನವಾಗುವುದಿಲ್ಲ, ಸಂತೆಯಾಗುತ್ತದೆ. ಪ್ರದರ್ಶನ ರೂಪಿಸುವವರು ಮೊದಲು ಬರೆದುಕೊಳ್ಳುವುದು ಒಂದೇ ಒಂದು ವಾಕ್ಯ: ನೋಡಿ ಹೋದವರ ಮನಸ್ಸಿನಲ್ಲಿ ಏನು ಉಳಿಯಬೇಕು? ಬೆವರ್ಲಿ ಸೆರೆಲ್ ಎಂಬ ಅಮೆರಿಕದ ಮ್ಯೂಸಿಯಂ ತಜ್ಞೆ ಇದನ್ನು 'ಬಿಗ್ ಐಡಿಯಾ' ಎಂದು ಕರೆದರು. 1990ರ ದಶಕದಲ್ಲಿ ಅವರು ನೂರಕ್ಕೂ ಹೆಚ್ಚು ಪ್ರದರ್ಶನಗಳಲ್ಲಿ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿಸಿದರು. ವಿಷಯ ಯಾವುದೇ ಇರಲಿ, ಬಹುಪಾಲು ಜನ ಒಂದು ಪ್ರದರ್ಶನದಲ್ಲಿ 20 ನಿಮಿಷಕ್ಕಿಂತ ಕಡಿಮೆ ಇರುತ್ತಾರೆ. ಆದ್ದರಿಂದ "ಟಿಕೆಟ್ ತಗೊಂಡು ಬಂದಿದ್ದೀವಿ, ಎಲ್ಲ ಸರಿಯಾಗಿ ನೋಡು" ಎಂದು ಮಕ್ಕಳ ಬೆನ್ನು ಹತ್ತುವ ಅಪ್ಪ ಅಮ್ಮಂದಿರು ಸ್ವಲ್ಪ ಸಮಾಧಾನ ತಂದುಕೊಳ್ಳಬಹುದು. ಎಲ್ಲವನ್ನೂ ಯಾರೂ ನೋಡುವುದಿಲ್ಲ.

ಒದಾವಾರಾದ ಮ್ಯೂಸಿಯಂ ಈ ವಾಕ್ಯವನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದೆ: 'ಜೀವದ ನಕ್ಷತ್ರ, ಭೂಮಿ'. ಅದು ಬೇರೆ ಮ್ಯೂಸಿಯಂ ಒಂದರಿಂದ ಕವಲೊಡೆದು ಬಂದದ್ದು. 1967ರಲ್ಲಿ ಯೋಕೋಹಾಮಾದ ಬಶಾಮಿಚಿಯಲ್ಲಿ, 1904ರ ಹಳೆಯ ಬ್ಯಾಂಕ್ ಕಟ್ಟಡದಲ್ಲಿ ಪ್ರಾಂತ್ಯದ ಮ್ಯೂಸಿಯಂ ತೆರೆದಾಗ ಕಲ್ಲು, ಕೀಟ, ಗುಡಿಯ ವಿಗ್ರಹ ಎಲ್ಲ ಒಂದೇ ಸೂರಿನಡಿ ಇದ್ದವು. 1995ರಲ್ಲಿ ಇತಿಹಾಸ, ಸಂಸ್ಕೃತಿಯ ಭಾಗ ಯೋಕೋಹಾಮಾದಲ್ಲೇ ಉಳಿಯಿತು, ನಿಸರ್ಗದ ಭಾಗ ಒದಾವಾರಾಕ್ಕೆ ಹೋಯಿತು. ಅದೇ 1995ರಲ್ಲಿ ನಮ್ಮ ಮೈಸೂರಿನ ಕಾರಂಜಿ ಕೆರೆಯ ದಡದಲ್ಲೂ ಪ್ರಾದೇಶಿಕ ನಿಸರ್ಗ ಇತಿಹಾಸ ಮ್ಯೂಸಿಯಂ ಶುರುವಾಯಿತು. ರಜೆಗೆ ಊರಿಗೆ ಹೋದಾಗ ಝೂ ಜೊತೆಗೆ ಅದನ್ನೂ ನೋಡಿ ಬನ್ನಿ. ಪಶ್ಚಿಮ ಘಟ್ಟದ ಕಥೆ ಇಲ್ಲಿನ ಮಕ್ಕಳಿಗೆ ಸಿಗುವುದು ಅಲ್ಲಿ.

ಒದಾವಾರಾದ ವಿಭಾಗಗಳ ಹೆಸರು ಗಮನಿಸಿ. ಭೂಮಿಯ ಬಗ್ಗೆ ಯೋಚಿಸುವುದು, ಜೀವದ ಬಗ್ಗೆ ಯೋಚಿಸುವುದು, ಕನಗಾವಾದ ನಿಸರ್ಗದ ಬಗ್ಗೆ ಯೋಚಿಸುವುದು, ನಿಸರ್ಗದ ಜೊತೆಗಿನ ಬಾಳ್ವೆಯ ಬಗ್ಗೆ ಯೋಚಿಸುವುದು. 'ತಿಳಿಯಿರಿ' ಅಂತಿಲ್ಲ, 'ಯೋಚಿಸಿ' ಅಂತಿದೆ. ಅನೇಕ ವಸ್ತುಗಳಿಗೆ ಗಾಜಿನ ಪೆಟ್ಟಿಗೆಯೂ ಇಲ್ಲ, ಮುಟ್ಟಿ ನೋಡಬಹುದು. ಇದೂ ಯೋಜಿಸಿದ್ದೇ. ಗಟ್ಟಿ ಬಂಡೆಗೆ ಮಕ್ಕಳ ಕೈ ತಾಗಿದರೆ ನಷ್ಟವಿಲ್ಲ. ಚಿಟ್ಟೆಯ ರೆಕ್ಕೆಗೆ, ಹಕ್ಕಿಯ ಗರಿಗೆ ಬರಿಯ ಬೆಳಕೇ ಶತ್ರು. ಬಣ್ಣ ಮಾಸದಿರಲೆಂದು ಇಂಥವನ್ನು 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇಡುವುದು ಪ್ರಪಂಚದ ಮ್ಯೂಸಿಯಂಗಳಲ್ಲಿ ರೂಢಿ. ಸಾಮಾನ್ಯ ಆಫೀಸಿನ ಬೆಳಕಿನ ಹತ್ತರಲ್ಲೊಂದು ಭಾಗ ಅದು. "ಇಲ್ಲಿ ಯಾಕೆ ಕತ್ತಲೆ?" ಎಂದು ಮಗು ಕೇಳಿದರೆ ನಿಮ್ಮ ಹತ್ತಿರ ಈಗ ಉತ್ತರವಿದೆ.

ಚೀಟಿ ಇಲ್ಲದಿದ್ದರೆ ಅದು ಬರೀ ನಾಯಿ

ತೋಕಿಯೊದ ಉಯೆನೊದಲ್ಲಿರುವ ರಾಷ್ಟ್ರೀಯ ವಿಜ್ಞಾನ ಮ್ಯೂಸಿಯಂಗೆ ನೀವು ಹೋಗಿರಬಹುದು. ಅಲ್ಲಿ ತಿಳಿಬಣ್ಣದ ಅಕಿತಾ ತಳಿಯ ನಾಯಿಯೊಂದರ ದೇಹವನ್ನು ಸ್ಟಫ್ ಮಾಡಿ ನಿಲ್ಲಿಸಿದ್ದಾರೆ. ಚೀಟಿ ಮುಚ್ಚಿಟ್ಟರೆ ಅದೊಂದು ಚೆಂದದ ನಾಯಿ, ಅಷ್ಟೆ. ಚೀಟಿ ಓದಿದರೆ ಅದು ಹಾಚಿ: ಸತ್ತುಹೋದ ಯಜಮಾನನಿಗಾಗಿ ಶಿಬುಯಾ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಕಾದು 1935ರಲ್ಲಿ ತೀರಿಕೊಂಡ ಹಾಚಿ.

ವಿಜ್ಞಾನದಲ್ಲಿ ಈ ಮಾತು ಇನ್ನೂ ನಿಜ. ಹಕೋನೆಯ ಉತ್ತರಕ್ಕೆ ತಾಂಜಾವಾ ಎಂಬ ಬೆಟ್ಟಸಾಲಿದೆ. ಅಲ್ಲಿ ಹವಳದ ಪಳೆಯುಳಿಕೆ ಸಿಗುತ್ತದೆ. ಕೈಯಲ್ಲಿ ಹಿಡಿದರೆ ಎಲ್ಲಿನ ಹವಳವಾದರೂ ಒಂದೇ. ಆದರೆ 'ಸಿಕ್ಕಿದ ಜಾಗ: ತಾಂಜಾವಾ ಬೆಟ್ಟ' ಎಂದು ಚೀಟಿಯಲ್ಲಿದ್ದರೆ ಪ್ರಶ್ನೆ ಏಳುತ್ತದೆ. ಬೆಚ್ಚನೆಯ ಕಡಲಿನ ಹವಳ ಚಳಿಯ ಬೆಟ್ಟದ ಮೇಲೆ ಹೇಗೆ ಬಂತು? ತಾಂಜಾವಾ ಒಂದು ಕಾಲಕ್ಕೆ ದಕ್ಷಿಣದ ಕಡಲಿನಲ್ಲಿದ್ದ ಜ್ವಾಲಾಮುಖಿಗಳ ನೆಲ. ಭೂಫಲಕದ ಮೇಲೆ ಕುಳಿತು ತೇಲಿ ಬಂದು ಜಪಾನಿನ ದೊಡ್ಡ ದ್ವೀಪಕ್ಕೆ ಡಿಕ್ಕಿ ಹೊಡೆದು ಸೇರಿಕೊಂಡಿತು. ಅದರ ಹಿಂದೆಯೇ ಇಜು ಪರ್ಯಾಯದ್ವೀಪವೂ ಬಂದು ಗುದ್ದಿತು. "ನಮ್ಮ ಇಂಡಿಯಾನೂ ಹೀಗೇ ಬಂದು ಗುದ್ದಿದ್ದಕ್ಕೆ ಹಿಮಾಲಯ ಎದ್ದದ್ದು" ಎಂದು ಮಗಳಿಗೆ ಹೇಳಿದೆ. ಎರಡು ಊರಿನ ನಡುವೆ ಓಡಾಡುವ ಮಗುವಿಗೆ, ನೆಲವೂ ವಲಸೆ ಬರುತ್ತದೆ ಎಂಬುದು ಇಷ್ಟವಾಯಿತು. ಈ ಕಥೆಗೆ ಬೇಕಾದದ್ದು ಹವಳ ಒಂದೇ ಅಲ್ಲ, ಎಲ್ಲಿ ಸಿಕ್ಕಿತು ಎಂಬ ಒಂದು ಸಾಲು ಕೂಡ.

ನಾವು ನೋಡುವುದು ಸಂಗ್ರಹದ ಅತಿ ಸಣ್ಣ ಪಾಲು ಮಾತ್ರ. ಉಯೆನೊದ ಮ್ಯೂಸಿಯಂನ ಬಳಿ 50 ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ, ಬಹುಪಾಲು ತ್ಸುಕುಬಾದ ದಾಸ್ತಾನಿನಲ್ಲಿವೆ. 2023ರಲ್ಲಿ ಕರೆಂಟ್ ಬಿಲ್ಲು, ಸಾಮಗ್ರಿಗಳ ಬೆಲೆ ಏರಿ ಅವನ್ನು ಕಾಪಾಡುವುದೇ ಕಷ್ಟವಾದಾಗ ಮ್ಯೂಸಿಯಂ ಜನರ ಮುಂದೆ ಕೈಚಾಚಿತು. ಕೇಳಿದ್ದು 10 ಕೋಟಿ ಯೆನ್. ಆ ಮೊತ್ತ ಮೊದಲ ದಿನವೇ ಬಂತು. ಕೊನೆಗೆ 50 ಸಾವಿರಕ್ಕೂ ಹೆಚ್ಚು ಜನರಿಂದ 91 ಕೋಟಿ ಯೆನ್ ದಾಟಿತು. ತಾವು ಎಂದೂ ಕಣ್ಣಿಂದ ನೋಡದ ಡ್ರಾಯರುಗಳಿಗಾಗಿ ಜನ ದುಡ್ಡು ಕೊಟ್ಟರು.

ಅಪ್ಪ ಬರೆಯದ ಚೀಟಿ

ಈಗ ನಮ್ಮ ಮನೆಯ ಕಲ್ಲಿಗೆ ಬರೋಣ. ಅದು ಪಟ್ಟೆ ಕಬ್ಬಿಣದ ಶಿಲೆ. ಕರ್ನಾಟಕದಲ್ಲಿ ಇದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆಗ ಕಡಲಿನ ನೀರಿನಲ್ಲಿ ಕಬ್ಬಿಣ ಕರಗಿತ್ತು. ಸೂಕ್ಷ್ಮಜೀವಿಗಳು ಬಿಸಿಲು ಉಂಡು ಬಿಟ್ಟ ಆಮ್ಲಜನಕ ಸೇರಿ ಅದು ತುಕ್ಕಾಗಿ ಪದರಪದರವಾಗಿ ತಳಕ್ಕೆ ಕೂತಿತು ಎಂಬುದು ಈ ಪಟ್ಟೆಗಳಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಇಷ್ಟನ್ನು ಕಲ್ಲು ನೋಡಿಯೇ ಹೇಳಬಹುದು.

ಆದರೆ ಎಲ್ಲಿಯದು? ಇಂಥ ಶಿಲೆ ಕುದುರೆಮುಖದಲ್ಲಿದೆ, ಬಾಬಾಬುಡನ್‌ಗಿರಿಯಲ್ಲಿದೆ, ಸಂಡೂರಿನಲ್ಲಿದೆ. ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿದ್ದವರು. ಈ ಮೂರೂ ಕಡೆ ಕೆಲಸದ ಮೇಲೆ ಓಡಾಡಿದವರು. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ಎಲ್ಲಿಂದಲೋ ಜೀಪಲ್ಲಿ ತಂದಿದ್ರು ಕಣೆ. ನೀನಾಗ ಇನ್ನೂ ಅಂಬೆಗಾಲು ಇಡ್ತಿದ್ದೆ" ಎಂದರು. ಕಾಲ ಅಂದಾಜು ಸಿಕ್ಕಿತು. ಜಾಗ ಸಿಗಲಿಲ್ಲ. ಗೊತ್ತಿದ್ದವರು ಅಪ್ಪ ಒಬ್ಬರೇ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಸಂಶೋಧನೆಯೇ ನನ್ನ ಕೆಲಸ. ಲ್ಯಾಬಿನಲ್ಲಿ ಹೆಸರು, ತಾರೀಖು ಬರೆಯದ ಟ್ಯೂಬು ಕಂಡರೆ ಯಾರನ್ನೂ ಕೇಳದೆ ಎಸೆಯುತ್ತೇನೆ. ಅಪ್ಪನ ಮೇಜಿನ ಕಲ್ಲನ್ನು ಮೂವತ್ತು ವರ್ಷ ನೋಡಿದವಳು ಒಂದು ಸಲವೂ ಕೇಳಲಿಲ್ಲ.

ಮನೆಯಲ್ಲೊಂದು ಪ್ರದರ್ಶನ

ಈ ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಮಾಡಿ ನೋಡಿ. ಒಂದು ಶೆಲ್ಫಿನ ಒಂದು ಅಡ್ಡಹಲಗೆ ಸಾಕು.

ಮೊದಲು ಒಂದು ವಾಕ್ಯ ನಿರ್ಧರಿಸಿ, ಮಗುವೇ ಹೇಳಲಿ. ನಮ್ಮಲ್ಲಿ ಬಂದದ್ದು: "ಅಜ್ಜಿಮನೆಯ ನೆಲ ತುಂಬಾ ಹಳೇದು."

ಐದೇ ವಸ್ತು ಆರಿಸಿ. ಬಿಡುವುದನ್ನು ಕಲಿಯುವುದೇ ಇದರಲ್ಲಿ ಕಷ್ಟದ ಕೆಲಸ. ಬಿಟ್ಟವು ಡಬ್ಬಿಯಲ್ಲಿರಲಿ, ಅದು ನಿಮ್ಮ ತ್ಸುಕುಬಾ. ಊರಿನಿಂದ ಏನಾದರೂ ತರುವುದಾದರೆ ಎಚ್ಚರ: ಜಪಾನಿಗೆ ಮಣ್ಣು ತರುವಂತಿಲ್ಲ, ಬೀಜ ಮತ್ತು ಗಿಡಗಳಿಗೆ ತಪಾಸಣೆಯ ಪ್ರಮಾಣಪತ್ರ ಬೇಕು. ನವಿಲುಗರಿಯನ್ನು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ಹವಳಕ್ಕೂ ಕೆಲವು ಜಾತಿಯ ಶಂಖಗಳಿಗೂ ವನ್ಯಜೀವಿ ಕಾನೂನಿನ ರಕ್ಷಣೆಯಿದೆ. ಅಂಥದ್ದಕ್ಕೆ ಫೋಟೋ ಸಾಕು. ಲಾಲ್‌ಬಾಗಿನ ಬಂಡೆಯನ್ನಂತೂ ಯಾರೂ ತರಲಾರರು. ಸುಮಾರು 300 ಕೋಟಿ ವರ್ಷದ ಆ ಬಂಡೆಯ ಮೇಲೆ ಮಗಳು ಕುಳಿತ ಫೋಟೋವೇ ನಮ್ಮ ಐದರಲ್ಲಿ ಒಂದು.

ಮಗುವಿನ ಕಣ್ಣಿನ ಎತ್ತರಕ್ಕೆ ಜೋಡಿಸಿ, ನಿಮ್ಮ ಎತ್ತರಕ್ಕಲ್ಲ.

ಚೀಟಿಯಲ್ಲಿ ನಾಲ್ಕು ವಿಷಯ ಕಡ್ಡಾಯ: ಏನು, ಎಲ್ಲಿ, ಯಾವಾಗ, ಯಾರು. ಅದರ ಕೆಳಗೆ ಒಂದೇ ವಾಕ್ಯದ ಕಥೆ. ಕನ್ನಡದಲ್ಲಿ ಬರೆಸಿ. ಶಾಲೆಯ ಜಪಾನಿ, ಇಂಗ್ಲಿಷಿನ ನಡುವೆ ಕನ್ನಡ ಬರೆಯಲು ಮಗುವಿಗೆ ಕಾರಣ ಸಿಗುವುದೇ ಅಪರೂಪ. ಕಾಪಿ ಪುಸ್ತಕಕ್ಕೆ ಮುಖ ಸಿಂಡರಿಸುವ ಮಗಳು ಇದನ್ನು ಮೂರು ಸಲ ತಿದ್ದಿ ಬರೆದಳು, ಏಕೆಂದರೆ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಓದುತ್ತಾರೆ.

ಕೊನೆಗೆ ಪರೀಕ್ಷೆ. ಮ್ಯೂಸಿಯಂನವರು ಅಂತಿಮ ಫಲಕ ಮಾಡುವ ಮೊದಲು ಕಾಗದದ ಮೇಲೆ ಬರೆದು ಅಂಟಿಸಿ, ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ತಪ್ಪು ತಿಳಿಯುತ್ತಾರೆ ಎಂದು ನೋಡುತ್ತಾರೆ. ನೀವೂ ಪಕ್ಕದ ಮನೆಯ ಮಗುವನ್ನು ಕರೆಯಿರಿ. ಯಾವ ಚೀಟಿಯನ್ನು ಅದು ದಾಟಿಕೊಂಡು ಹೋಗುತ್ತದೋ ಅದನ್ನು ಚಿಕ್ಕದು ಮಾಡಿ.

ಮತ್ತೊಂದು ಕೆಲಸ ಇದೇ ವಾರ ಮಾಡಿ, ರಜೆಗೆ ಕಾಯಬೇಡಿ. ನಿಮ್ಮ ಮನೆಯಲ್ಲಿರುವ ಹಿತ್ತಾಳೆಯ ಸೌಟು, ಅಳಗುಳಿ ಮಣೆ, ಯಾರೋ ತಂದ ಚಿಪ್ಪು, ಇವುಗಳ ಫೋಟೋ ತೆಗೆದು ಅಪ್ಪ ಅಮ್ಮನಿಗೋ ಅತ್ತೆ ಮಾವನಿಗೋ ಕಳಿಸಿ ಆ ನಾಲ್ಕು ಪ್ರಶ್ನೆ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಹೇಳುವವರು ಇರುವಾಗ ಮಾತ್ರ ಬರೆಯಬಹುದಾದ ಚೀಟಿಗಳಿವು.

ನಮ್ಮ ಕಲ್ಲಿಗೂ ಚೀಟಿಯಾಯಿತು. ಜಾಗ ಬರೆಯುವಲ್ಲಿ ಮಗಳು ಪೆನ್ಸಿಲ್ ಹಿಡಿದು ಕುಳಿತಳು. "ಕುದುರೆಮುಖ ಅಂತ ಬರೀಲಾ? ಹೆಸರು ಚೆನ್ನಾಗಿದೆ" ಎಂದಳು. ಮ್ಯೂಸಿಯಂಗಳಲ್ಲೂ ಇಂಥ ಮಾದರಿಗಳು ಇರುತ್ತವೆ, ಅಲ್ಲಿ ಊಹಿಸಿ ಬರೆಯುವುದಿಲ್ಲ ಎಂದು ಹೇಳಿದೆ. ಈಗ ನಮ್ಮ ಶೆಲ್ಫಿನಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿದೆ:

"ಪಟ್ಟೆ ಕಬ್ಬಿಣದ ಕಲ್ಲು. ಎಲ್ಲಿ: ಗೊತ್ತಿಲ್ಲ. ಯಾವಾಗ: ಅಮ್ಮ ಅಂಬೆಗಾಲು ಇಡುವಾಗ. ತಂದವರು: ಅಜ್ಜ, ಜೀಪಲ್ಲಿ."