ಮುಗಿದ ಕೈಯಲ್ಲಿ ಏನೂ ನಿಲ್ಲದು

ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮವಿದೆ. ಹೆಸರು ಕೇಳಿದವರು ಇದನ್ನು ಯಾವುದೋ ಮಠವೆಂದುಕೊಳ್ಳಬಹುದು. ಇದು ಕ್ರೈಸ್ತರ ಆಶ್ರಮ.

1979ರಲ್ಲಿ ಇದನ್ನು ಕಟ್ಟಿದವರು ಕ್ಯಾಥೋಲಿಕ್ ಪಾದ್ರಿ ಡಿ.ಎಸ್. ಅಮಲೋರ್ಪವದಾಸ್. ಮುಂದೆ ಸ್ವಾಮಿ ಅಮಲೋರಾನಂದರೆಂದು ಹೆಸರಾದರು. ಹುಟ್ಟಿದ್ದು ತಮಿಳುನಾಡಿನಲ್ಲಿ, 1932ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಪ್ರಾಧ್ಯಾಪಕರೂ ಆಗಿದ್ದರು.

ಆಶ್ರಮಕ್ಕೂ ಮೊದಲೇ, 1969ರಲ್ಲಿ, ರೋಮ್ ಭಾರತದ ಕ್ಯಾಥೋಲಿಕ್ ಚರ್ಚುಗಳ ಆರಾಧನಾ ವಿಧಿಯಲ್ಲಿ ಹನ್ನೆರಡು ಬದಲಾವಣೆಗಳನ್ನು ಒಪ್ಪಿತ್ತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರುವುದು, ಎಣ್ಣೆ ದೀಪ, ಆರತಿ, ಪಂಚಾಂಗ ಪ್ರಣಾಮ, ಕೈಮುಗಿಯುವುದು ಎಲ್ಲಕ್ಕೂ ಅನುಮತಿ ಸಿಕ್ಕಿತು. ಬೆಂಗಳೂರಿನ ರಾಷ್ಟ್ರೀಯ ಧರ್ಮೋಪದೇಶ ಕೇಂದ್ರವನ್ನು ಆಗ ನಡೆಸುತ್ತಿದ್ದ ಅಮಲೋರ್ಪವದಾಸರು ಇವನ್ನು ಬಳಕೆಗೆ ತರುವಲ್ಲಿ ಮುಂದಾಳಾಗಿದ್ದರು.

ಪಂಚಾಂಗ ಪ್ರಣಾಮವನ್ನೇ ನೋಡಿ. ಮಂಡಿ ನೆಲಕ್ಕೆ, ಅಂಗೈ ನೆಲಕ್ಕೆ, ಕೊನೆಗೆ ಹಣೆಯೂ ನೆಲಕ್ಕೆ. ಎದ್ದು ಅಂಗೈ ಜೋಡಿಸಿದರೆ ಅಂಜಲಿ. ಹಾಗೆ ಮುಗಿದ ಕೈಯಲ್ಲಿ ಏನನ್ನೂ ಹಿಡಿದಿಟ್ಟುಕೊಳ್ಳಲಾಗದು. ಕ್ರೈಸ್ತರ ಪಾಲಿಗೆ ಹೀಗೆ ಬಿಟ್ಟುಕೊಡುವುದು ಹೊಸ ವಿಚಾರವೇನಲ್ಲ: ಕ್ರಿಸ್ತ ತನ್ನನ್ನು ತಾನೇ ಬರಿದು ಮಾಡಿಕೊಂಡನೆಂದು ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿದೆ. ನಾಳೆಯ ಚಿಂತೆ ಬಿಡಿ ಎಂಬ ಯೇಸುವಿನ ಬೋಧನೆ ಮತ್ತಾಯನ ಸುವಾರ್ತೆಯಲ್ಲಿದೆ.

ಇಲ್ಲಿ ಬಿಡುವುದೆಂದರೆ ಸಂಸಾರಕ್ಕೆ ಬೆನ್ನು ತಿರುಗಿಸುವುದಲ್ಲ. ಕೋಪ, ಹಳೆಯ ಲೆಕ್ಕ, ಎಲ್ಲವೂ ತನ್ನಿಂದಲೇ ನಡೆಯಬೇಕೆಂಬ ಹಟ ಇವನ್ನು ದೇವರಿಗೆ ಒಪ್ಪಿಸುವುದು. ಅದಕ್ಕೆ ಆಶ್ರಮ ಹಿಡಿದ ದಾರಿ ಮೌನ, ಧ್ಯಾನ, ಸರಳ ಬದುಕು. ಶರಣಾಗತಿಯ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದು ದೂರದ್ದೆನಿಸದು.

1990ರಲ್ಲಿ ಸ್ವಾಮೀಜಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಶ್ರಮದ ಕೆಲಸ ಮಾತ್ರ ನಿಲ್ಲಲಿಲ್ಲ.