ಕಿರುಬೆರಳ ಚುಟ್ಟ ಹೋಯಿತು, ಹೆಬ್ಬೆರಳ ಚುಟ್ಟ ಬಂತು

ಹತ್ತಿ ತೂಕ ಮುಗಿದು, ದುಡ್ಡು ಎಣಿಸಿಕೊಳ್ಳಲು ಆದೋನಿಯ ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ಸಾವುಕಾರರ ಮಗ ದುಬೈಯಿಂದ ರಜೆಗೆ ಬಂದಿದ್ದ. “ಪೆದ್ದಾಯನಾ, ಈ ಚುಟ್ಟ ಚೂಡಂಡಿ” ಅಂತ ಒಂದು ಸಿಗಾರು ತೆಗೆದು ನನ್ನ ಕೈಗಿಟ್ಟ. ನನ್ನ ಹೆಬ್ಬೆರಳಿಗಿಂತ ದಪ್ಪ, ಒಂದು ಗೇಣಿಗೆ ಸ್ವಲ್ಪ ಕಡಿಮೆ ಉದ್ದ. “ನಿಮ್ಮ ಕಾಲದಾಗ ಇಂಥಾದ್ದು ಇತ್ತೇನ್ರಿ?” ಅಂತ ಕನ್ನಡದಲ್ಲಿ ಕೇಳಿದ. ನಮ್ಮ ಕಡೆ ಹಂಗೇ, ಮಾತು ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ.

ಇರಲಿಲ್ಲಪ್ಪಾ ಅಂದೆ. ನಮ್ಮಪ್ಪ ಸೇದುತ್ತಿದ್ದದ್ದು ಕಿರುಬೆರಳಿನಷ್ಟು ಸಣ್ಣ ಚುಟ್ಟ. ಅಪ್ಪ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದಾಗ ಮನೆ ಬಿಟ್ಟು ಕದಲದೆ ಕರ್ನೂಲು ಜಿಲ್ಲೆಯವನಾದ. ಜಿಲ್ಲೆ ಬದಲಾದರೂ ಅವನ ಚುಟ್ಟ ಬದಲಾಗಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತು, ನಾಟು ಹೊಗೆಸೊಪ್ಪಿಗೆ ನೀರು ಚಿಮುಕಿಸಿ, ನಡುವಿನ ದಂಟು ತೆಗೆದು, ತೊಡೆಯ ಮೇಲೆ ಸುತ್ತುತ್ತಿದ್ದ. ಹತ್ತು ಚುಟ್ಟ ಸುತ್ತಿದರೆ ಹತ್ತೂ ಒಂದೇ ಅಳತೆ.

ಈ ಹೆಸರಿನಲ್ಲೇ ನಮ್ಮ ಎರಡೂ ಭಾಷೆ ಇದೆ ನೋಡಿ. ಕನ್ನಡದ ‘ಸುತ್ತು’ ತೆಲುಗಿನಲ್ಲಿ ‘ಚುಟ್ಟು’. ಸುತ್ತಿದ್ದೇ ಚುಟ್ಟ. ತಮಿಳಿನವರ ‘ಸುರುಟ್ಟು’ ಇಂಗ್ಲಿಷರ ಬಾಯಲ್ಲಿ ‘ಚೆರೂಟ್’ ಆಯಿತು. ಗೋದಾವರಿಯ ನಡುಗಡ್ಡೆಗಳಿಗೆ ತೆಲುಗಿನಲ್ಲಿ ಲಂಕ ಅಂತಾರೆ. ಅಲ್ಲಿ ಬೆಳೆದ ಸೊಪ್ಪಿನ ಚುಟ್ಟ ಎಷ್ಟು ಹೆಸರುವಾಸಿ ಅಂದರೆ, ಕಾನನ್ ಡಾಯ್ಲ್ 1890ರಲ್ಲಿ ಪ್ರಕಟಿಸಿದ ‘ದಿ ಸೈನ್ ಆಫ್ ಫೋರ್’ ಕಾದಂಬರಿಯಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್ ಅದರ ಹೆಸರು ಹೇಳುತ್ತಾನೆ. ಬೂದಿ ನೋಡಿ ಯಾವ ಹೊಗೆಸೊಪ್ಪು ಅಂತ ಗುರುತಿಸುವುದು ಅವನ ಒಂದು ವಿದ್ಯೆ. ತಿರುಚಿನಾಪಳ್ಳಿಯ ಚುಟ್ಟವೂ ಅಲ್ಲಿ ಬರುತ್ತದೆ.

ಪೈಪಿನ ಲೆಕ್ಕ

ಮನೆಗೆ ಬಂದು, ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ಮಗನಿಂದ ಓದಿಸಿ ಕೇಳಿದೆ. ಹೊರದೇಶದ ಸಿಗಾರಿನ ದಪ್ಪಕ್ಕೆ ಒಂದು ಅಳತೆ ಇದೆ. ಇಂಚನ್ನು 64 ಭಾಗ ಮಾಡಿ, ಅಡ್ಡಳತೆ ಎಷ್ಟು ಭಾಗವೋ ಅಷ್ಟು ಗೇಜು ಅಂತಾರೆ. ಕ್ಯೂಬಾದ ಕೊಹಿಬಾ ಲ್ಯಾನ್ಸೆರೊ ಎಂಬ ಸಣ್ಣ ಸಿಗಾರು 38 ಗೇಜು, ಅಂದರೆ ಸುಮಾರು 15 ಮಿ.ಮೀ. ದಪ್ಪ, 192 ಮಿ.ಮೀ. ಉದ್ದ. ಫಿಡೆಲ್ ಕ್ಯಾಸ್ಟ್ರೊ ಸೇದುತ್ತಿದ್ದದ್ದು ಇದನ್ನೇ. ಅವರು 1985ರಲ್ಲಿ ಸೇದುವುದನ್ನೇ ಬಿಟ್ಟರು. ಬ್ರಿಟನ್ನಿನ ಚರ್ಚಿಲ್ ಹೆಸರಿನ ಸಿಗಾರು 47 ಗೇಜು. ಒಂದು ಕಾಲಕ್ಕೆ ಅದೇ ದಪ್ಪ. ಈಗಿನವರ ಕಣ್ಣಿಗೆ ಅದು ನಡುತರದ್ದು.

1992ರಲ್ಲಿ ಅಮೆರಿಕದಲ್ಲಿ ‘ಸಿಗಾರ್ ಅಫಿಷಿಯೊನಾಡೊ’ ಅಂತ ಸಿಗಾರಿಗೆಂದೇ ಒಂದು ಪತ್ರಿಕೆ ಹುಟ್ಟಿತು. ಹೊಸಬರು ಗುಂಪು ಗುಂಪಾಗಿ ಬಂದರು, 50 ಗೇಜಿನ ಗಿಡ್ಡ-ದಪ್ಪ ರೊಬಸ್ಟೊ ಎಲ್ಲರಿಗೂ ಹಿಡಿಸಿತು. ಕ್ಯೂಬಾದವರೇ 2010ರಲ್ಲಿ ಕೊಹಿಬಾ ಬೆಹಿಕೆ ಅಂತ 52, 54, 56 ಗೇಜಿನವು ತಂದರು. ಬೇರೆ ದೇಶದವರು 60ಕ್ಕೆ ಹೋದರು. ಲ್ಯಾನ್ಸೆರೊ ಸತ್ತಿಲ್ಲ, ಆದರೆ ಬೇಕು ಅನ್ನುವವರು ಕಡಿಮೆ. ಸಾವುಕಾರರ ಮಗ ಕೊಟ್ಟಿದ್ದು 60ರದ್ದು, ಸುಮಾರು 24 ಮಿ.ಮೀ.

15ರಿಂದ 24 ಅಂದರೆ ಒಂದೂವರೆ ಪಟ್ಟು ತಾನೇ ಅಂತೀರಿ. ಅಲ್ಲ. ಬೋರಿಗೆ ಎರಡಿಂಚಿನ ಪೈಪು ತೆಗೆದು ಮೂರಿಂಚಿನದು ಹಾಕಿದವರಿಗೆ ಗೊತ್ತು, ಒಳಗಿನ ಜಾಗ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಇಲ್ಲೂ ಅದೇ ಲೆಕ್ಕ. ಒಂದೇ ಉದ್ದದ 38 ಮತ್ತು 60 ಗೇಜಿನ ಸಿಗಾರು ಹಿಡಿದು ನೋಡಿದರೆ, ಒಳಗೆ ತುಂಬುವ ಸೊಪ್ಪು ಎರಡೂವರೆ ಪಟ್ಟು ಬೇಕು. ಮೇಲೆ ಸುತ್ತುವ ಎಲೆ ಮಾತ್ರ ಹೆಚ್ಚೂಕಡಿಮೆ 1.6 ಪಟ್ಟು ಸಾಕು.

ರೈತನಿಗೆ ಇದು ಸಣ್ಣ ಮಾತಲ್ಲ. ಸಿಗಾರಿನಲ್ಲಿ ಬಲು ದುಬಾರಿ ಎಲೆ ಅಂದರೆ ಈ ಹೊರಸುತ್ತಿನದು. ಕ್ಯೂಬಾದ ಪಿನಾರ್ ಡೆಲ್ ರಿಯೊ ಸೀಮೆಯಲ್ಲಿ ಹೊಲದ ಮೇಲೆಲ್ಲ ತೆಳು ಬಟ್ಟೆಯ ಚಪ್ಪರ ಹಾಕಿ ಇದನ್ನು ಬೆಳೆಯುತ್ತಾರೆ. ತೂತು, ಚುಕ್ಕೆ, ದಪ್ಪ ನರ ಯಾವುದೂ ಇರಕೂಡದು. ಸಣ್ಣ ಸಿಗಾರಿನಲ್ಲಿ ರುಚಿಯ ದೊಡ್ಡ ಪಾಲು ಈ ಎಲೆಯದ್ದು. ದಪ್ಪ ಮಾಡಿದಷ್ಟೂ ತುಂಬಿದ ಸೊಪ್ಪಿನದೇ ಮಾತು ನಡೆಯುತ್ತದೆ, ಹೊರಗಿನದು ಉಟ್ಟ ಬಟ್ಟೆಯಷ್ಟೇ.

ಕೈಕೆಲಸದ ಮಾತು

ದಪ್ಪ ಸಿಗಾರು ಗೆದ್ದದ್ದಕ್ಕೆ ಕಾರಣಗಳಿವೆ, ಸುಳ್ಳು ಹೇಳಬಾರದು. ಅದರ ಹೊಗೆ ತಣ್ಣಗೆ ಬರುತ್ತದೆ. ಅವಸರದಲ್ಲಿ ಎಳೆಯುವವನನ್ನೂ ಸಹಿಸಿಕೊಳ್ಳುತ್ತದೆ. ಗಿಡದ ತುದಿಯ ಖಾರದ ಎಲೆ, ನಡುವಿನ ಎಲೆ, ಕೆಳಗಿನ ಎಲೆ ಎಲ್ಲವನ್ನೂ ಬೇಕಾದಂತೆ ಬೆರೆಸಲು ಒಳಗೆ ಜಾಗ ಇದೆ. ಕೈಯಲ್ಲಿ ಹಿಡಿದರೆ ಕೊಟ್ಟ ದುಡ್ಡು ಕಾಣುತ್ತದೆ. ಮತ್ತೆ, ಸುತ್ತುವುದು ಸುಲಭ. ಸಣ್ಣದರಲ್ಲಿ ಚೂರು ಸೊಪ್ಪು ಜಾಸ್ತಿ ಆದರೆ ಹೊಗೆ ಕಟ್ಟುತ್ತದೆ, ಚೂರು ಕಡಿಮೆ ಆದರೆ ಬೆಂಕಿ ಓಡಿ ಬಾಯಿ ಸುಡುತ್ತದೆ. ತಪ್ಪು ಮುಚ್ಚಿಕೊಳ್ಳಲು ಅಲ್ಲಿ ಜಾಗವೇ ಇಲ್ಲ. ಕವಿತೆ ಕಟ್ಟುವವನಾಗಿ ಈ ಕಷ್ಟ ನನಗೆ ಅರ್ಥವಾಗುತ್ತದೆ. ನಾಲ್ಕು ಸಾಲಿನದು ಬರೆಯುವಾಗ ಬೆವರುತ್ತೇನೆ, ನಲವತ್ತು ಸಾಲಿನದು ಹೆಂಗೋ ದಾಟಿಸುತ್ತೇನೆ.

ನಮ್ಮ ಕಡೆ ಚುಟ್ಟ ಸೋತದ್ದು ದಪ್ಪ ಸಿಗಾರಿಗಲ್ಲ, ಬೀಡಿ ಮತ್ತು ಸಿಗರೇಟಿಗೆ. 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಶುರುವಾಯಿತು. ಗುಂಟೂರಿನ ಕಪ್ಪು ಮಣ್ಣಿಗೆ ಸಿಗರೇಟಿನ ವರ್ಜೀನಿಯಾ ಬಂತು. ಬೀಡಿಗೆ ನಿಪ್ಪಾಣಿಯ ಸೊಪ್ಪು ನಿಂತಿತು. 1976ರಲ್ಲಿ ತಂಬಾಕು ಮಂಡಳಿ ಆದಾಗ ಅದರ ಕಚೇರಿಯೂ ಗುಂಟೂರಿಗೇ ಹೋಯಿತು. ಅಲ್ಲಿ ದಪ್ಪದ್ದು ಬಂತು, ಇಲ್ಲಿ ಇನ್ನೂ ಸಣ್ಣದು ಬಂತು. ಎರಡೂ ಕಡೆ ಕೆಲಸ ಕಳೆದುಕೊಂಡದ್ದು ಮಾತ್ರ ಸಣ್ಣ ಚುಟ್ಟವನ್ನು ಅಳತೆ ತಪ್ಪದೆ ಸುತ್ತುತ್ತಿದ್ದ ಕೈ.

ಹಾಗಂತ ಚುಟ್ಟ ಹೋಯಿತಲ್ಲಾ ಅಂತ ನಾನು ಅಳುವವನಲ್ಲ. 1994ರಲ್ಲಿ ಅಪ್ಪನ ಕೆನ್ನೆಯೊಳಗೆ ಒಂದು ಬಿಳಿ ಮಚ್ಚೆ ಕಾಣಿಸಿತು. ಬಾಯಿಹುಣ್ಣು ಅಂತ ತುಪ್ಪ ಹಚ್ಚಿದೆವು. ಬಳ್ಳಾರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕೈ ಮೀರಿತ್ತು. ಕೊನೆಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆ ಹೆಂಗಸರು ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟ ಸೇದುವ ರೂಢಿ ಇತ್ತು, ‘ಅಡ್ಡ ಪೊಗ’ ಅಂತಾರೆ. ಅದರಿಂದ ಅಂಗಳದ ಕ್ಯಾನ್ಸರ್ ಬರುವುದನ್ನು ಡಾಕ್ಟರುಗಳು ಎಷ್ಟೋ ವರ್ಷದ ಹಿಂದೆಯೇ ಬರೆದಿಟ್ಟರು. ಸಣ್ಣದಿರಲಿ, ದಪ್ಪದಿರಲಿ, ಬಾಯಿಗೆ ಅದು ಅಳತೆ ನೋಡಿ ಬರುವುದಿಲ್ಲ. ಅಪ್ಪನ ತಿಥಿಯ ದಿನ ನಾನೂ ಬಿಟ್ಟೆ. ಚುಟ್ಟ ಹೋಗಲಿ. ಆ ಕೈಗೆ ಬೇರೆ ಕೆಲಸ ಸಿಗಬೇಕಿತ್ತು, ಅದು ಸಿಗಲಿಲ್ಲ ಅನ್ನುವುದಷ್ಟೇ ನನ್ನ ಸಂಕಟ.

ಆ ಸಿಗಾರನ್ನು ಏನು ಮಾಡಿದೆ ಅಂತ ಕೇಳ್ತೀರಿ. ಕಟ್ಟೆಯ ಮೇಲಿಟ್ಟು ಚೂರಿಯಿಂದ ಉದ್ದಕ್ಕೆ ಸೀಳಿದೆ. ಹೊರಸುತ್ತಿನ ಎಲೆ ಗಾಳಿಗೆ ನಡುಗುವಷ್ಟು ತೆಳ್ಳಗಿತ್ತು, ಯಾವ ರೈತನೋ ಕಣ್ಣಿಟ್ಟು ಬೆಳೆದದ್ದು. ಒಳಗಿನ ಸೊಪ್ಪು ನನ್ನ ಎರಡು ಹಿಡಿ ತುಂಬಿತು. ಅಲಸಂದಿ ಬಳ್ಳಿಗೆ ಹೇನು ಬಿದ್ದಿತ್ತು. ಸೊಪ್ಪನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಚೂರು ಸಾಬೂನು ಕಲಸಿ ಹೊಡೆದೆ. ಮೆಣಸಿನ ಗಿಡದ ಹತ್ತಿರ ಹೋಗಲಿಲ್ಲ, ಹೊಗೆಸೊಪ್ಪಿನಿಂದ ಅದಕ್ಕೆ ಮೊಸಾಯಿಕ್ ರೋಗ ಅಂಟುತ್ತದೆ.

ಮೂರು ದಿನಕ್ಕೆ ಹೇನು ಉದುರಿತು. ಮುಂದಿನ ವಾರ ದಲಾಲಿ ಅಂಗಡಿಗೆ ಹೋದಾಗ ಹುಡುಗ ಕೇಳಿದ, “ಎಟ್ಲಾ ಉಂದಿ ಪೆದ್ದಾಯನಾ, ಚುಟ್ಟ?” ಬಲು ಚೆನ್ನಾಗಿತ್ತಪ್ಪಾ, ಇನ್ನೊಂದಿದ್ದರೆ ಕೊಡು, ಹೊಲ ಇನ್ನೂ ಅರ್ಧ ಉಳಿದದೆ ಅಂದೆ.