ವಾರದ ಮಾತ್ರೆ ವಾರಕ್ಕೊಂದೇ ಇರಲಿ

ನೆಲದ ಮೇಲೆ ಕೂತವರು ತೊಡೆಗೆ ಕೈಯೂರಿ, ಗೋಡೆ ಹಿಡಿದು ಏಳುತ್ತಾರೆ. ಮೆಟ್ಟಿಲು ಹತ್ತಲು ಕಷ್ಟಪಡುತ್ತಾರೆ. ಮೊಣಕಾಲ ಕೆಳಗಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೋಯುತ್ತದೆ. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ವಿಟಮಿನ್ ಡಿ ತೀರಾ ಕಡಿಮೆಯಾದರೂ ಹೀಗೇ ಆಗುತ್ತದೆ. ಅದಿಲ್ಲದೆ ಕರುಳು ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳದು, ಹೊಸ ಮೂಳೆ ಗಟ್ಟಿಯಾಗದು. ವೈದ್ಯರು ಇದನ್ನು ಆಸ್ಟಿಯೋಮಲೇಷಿಯಾ ಎನ್ನುತ್ತಾರೆ.

ಇಷ್ಟು ಬಿಸಿಲಿರುವ ನಾಡಿನಲ್ಲಿ ಈ ಕೊರತೆ ಏಕೆ? ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ನೇರಳಾತೀತ-ಬಿ ಕಿರಣ ಬೇಕು. ಬೆಳಗಿನ ಎಳೆಬಿಸಿಲು ಒಳ್ಳೆಯದೆಂದು ನಂಬಿದ್ದೇವೆ. ಆದರೆ ಓರೆಯಾಗಿ ಬರುವ ಆ ಬಿಸಿಲಿನಲ್ಲಿ ಈ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಹೊತ್ತು ಏರಿದ ಮೇಲಿನ ಬಿಸಿಲಿಗೇ ಆ ಶಕ್ತಿ. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಮೈತುಂಬ ಬಟ್ಟೆಯೂ ತಡೆಯುತ್ತದೆ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ನಮ್ಮ ಊಟದಲ್ಲಿ ಈ ವಿಟಮಿನ್ ಸಿಗುವುದು ಅಲ್ಪ.

ರಕ್ತಪರೀಕ್ಷೆಯಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಎಂದು ಲೆಕ್ಕ. ಆಗ ಹಲವು ವೈದ್ಯರು ವಾರಕ್ಕೊಮ್ಮೆ 60,000 ಯೂನಿಟ್‌ನಂತೆ ಸುಮಾರು ಎಂಟು ವಾರ ಬರೆದುಕೊಡುತ್ತಾರೆ, ಬಳಿಕ ಕಡಿಮೆ ಪ್ರಮಾಣಕ್ಕೆ ಇಳಿಸುತ್ತಾರೆ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ತುಪ್ಪ, ಎಣ್ಣೆ ಇರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಅಪಸ್ಮಾರದ ಕೆಲವು ಮಾತ್ರೆ ನುಂಗುವವರಿಗೆ ಲೆಕ್ಕವೇ ಬೇರೆ.

ನನಗೆ ಭಯವಾಗುವುದು ಇದರ ಮುಂದಿನ ಹಂತದಲ್ಲಿ. ಆ 60,000ದ ಮಾತ್ರೆಯನ್ನು ಮಿಕ್ಕ ಮಾತ್ರೆಗಳಂತೆ ದಿನಾ ನುಂಗುವವರಿದ್ದಾರೆ. ವಯಸ್ಕರಿಗೆ ನಿತ್ಯ ಬೇಕಾದದ್ದು ಸುಮಾರು 600 ಯೂನಿಟ್; ಅದರ ನೂರು ಪಟ್ಟು ಒಂದೇ ಮಾತ್ರೆಯಲ್ಲಿದೆ! ಹೆಚ್ಚಾದದ್ದು ಮೂತ್ರದಲ್ಲಿ ಹೊರಹೋಗದೆ ಮೈಯ ಕೊಬ್ಬಿನಲ್ಲಿ ಕೂರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಅತಿ ಬಾಯಾರಿಕೆ, ಮಂಪರು ಕಾಣಿಸುತ್ತವೆ, ಮೂತ್ರಪಿಂಡವೂ ಕೆಡಬಹುದು. ನಿಲ್ಲಿಸಿದರೂ ವಾರಗಟ್ಟಲೆ ಇಳಿಯುವುದಿಲ್ಲ.

ಕೊರತೆಯೇ ಇಲ್ಲದವರಿಗೆ ಇದು ಟಾನಿಕ್ಕೂ ಅಲ್ಲ. ಅಮೆರಿಕದಲ್ಲಿ ಸುಮಾರು 26,000 ಜನರ ಮೇಲೆ ನಡೆದ ‘ವೈಟಲ್’ ಅಧ್ಯಯನದಲ್ಲಿ ನಿತ್ಯ 2,000 ಯೂನಿಟ್ ತೆಗೆದುಕೊಂಡ ಆರೋಗ್ಯವಂತರ ಮೂಳೆಮುರಿತ ಕಡಿಮೆಯಾಗಲಿಲ್ಲವೆಂದು 2022ರಲ್ಲಿ ವರದಿಯಾಯಿತು.

ವೈದ್ಯರ ಚೀಟಿ ಕೈಗೆ ಬಂದಾಗ ಎರಡು ಮಾತು ಕೇಳಿ ಬರೆಸಿಕೊಳ್ಳಿ: ವಾರದ ಯಾವ ದಿನ ತೆಗೆದುಕೊಳ್ಳಬೇಕು, ಎಷ್ಟು ವಾರಕ್ಕೆ ನಿಲ್ಲಿಸಬೇಕು. ಮನೆಯಲ್ಲಿ ಹಿರಿಯರಿದ್ದರೆ ಅವರ ಮಾತ್ರೆ ಡಬ್ಬಿಯನ್ನು ಇವತ್ತೇ ಒಮ್ಮೆ ತೆರೆದು ನೋಡಿ.